ಇಪ್ಪತ್ತೆಂಟು ಡಿಗ್ರಿಯ ಖೋಲಿ

ಆ ಗುರುವಾರ ಬೆಳಿಗ್ಗೆ ಎದ್ದು ಮುಖ ತೊಳೆದು, ಚಹಾಕ್ಕೆ ನೀರಿಟ್ಟು, ಅದು ಕುದಿಯುವುದರೊಳಗೆ ಹಿಂದಿನ ಖೋಲಿಯ ಬಾಗಿಲು ತೆರೆದು ಥರ್ಮಾಮೀಟರ್ ನೋಡಿದೆ. ಇಪ್ಪತ್ತೆಂಟು. ಬಾಗಿಲ ಚಿಲಕಕ್ಕೆ ದಾರದಿಂದ ಕಟ್ಟಿದ ನೋಟುಬುಕ್ಕಿನಲ್ಲಿ ಆರು ಗಂಟೆಯ ಎದುರಿಗೆ ಇಪ್ಪತ್ತೆಂಟು ಎಂದು ಬರೆದೆ. ಆಮೇಲೆ ಬಂದು ಚಹಾಪುಡಿ ಹಾಕಿದೆ. ಅತ್ತೆಯವರು ಪೂಜೆಗೆ ಕುಳಿತಿದ್ದರು. ಅವರ ಊದಿನಕಡ್ಡಿಯ ವಾಸನೆಯೂ ನನ್ನ ಶುಂಠಿಯ ವಾಸನೆಯೂ ನಡುಮನೆಯಲ್ಲಿ ಕೂಡುವ ಹೊತ್ತಿಗೆ ಯಜಮಾನರು ಕಣ್ಣುಜ್ಜುತ್ತ ಬಂದು, "ಎಷ್ಟೈತಿ?" ಎಂದರು.

ಅದು ನಮ್ಮ ಮನೆಯಲ್ಲಿ ದಿನದ ಮೊದಲ ಮಾತು.

"ಇಪ್ಪತ್ತೆಂಟ್ರಿ."

"ಛಲೋ ಆತು" ಎಂದು ಅವರು ಬಚ್ಚಲಿಗೆ ಹೋದರು.

ಆ ಖೋಲಿ ಮೊದಲು ಮಗಳ ಓದಿನ ಕೋಣೆಯಾಗಿತ್ತು. ಕತ್ತಲಾದರೆ ಹೊಳೆಯುವ ಕಾಗದದ ನಕ್ಷತ್ರಗಳನ್ನು ಅವಳು ಛತ್ತಿಗೆ ಅಂಟಿಸಿದ್ದಳು, ಅವು ಇನ್ನೂ ಹಾಗೇ ಇವೆ. ಅವಳು ಹಾಸ್ಟೆಲ್ಲಿಗೆ ಹೋದ ವರ್ಷವೇ ಯಜಮಾನರು ಬೆಳೆಗೆ ಹೊಡೆಯುವ ಔಷಧದ ಕಂಪನಿಯ ಮಾರಾಟದ ಕೆಲಸ ಬಿಟ್ಟು ಬಂದರು. "ಇಷ್ಟು ವರ್ಷ ರೈತರಿಗೆ ವಿಷಾ ಮಾರೇನಿ. ಇನ್ನ ಸಾಕು" ಎಂದರು. ಖೋಲಿಗೆ ಏಸಿ ಬಂತು, ಗೋಡೆಗೆ ಕಬ್ಬಿಣದ ರ‍್ಯಾಕು ಬಂತು, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೋಳದ ನುಚ್ಚು ಬಂತು. ನುಚ್ಚಿನಲ್ಲಿ ಪತಂಗ ಸಾಕುವುದು, ಪತಂಗದ ತತ್ತಿಗಳನ್ನು ಅಂಟು ಹಚ್ಚಿದ ಕಾರ್ಡಿನ ಮೇಲೆ ಉದುರಿಸುವುದು, ಆ ತತ್ತಿಗಳಿಗೆ ಕಣಜ ಬಿಡುವುದು. ಕಣಜ ಎಂದರೆ ನಾವು ಸಣ್ಣವರಿದ್ದಾಗ ಕಾನ್ವೆಂಟಿನ ಗೋಡೆಯಲ್ಲಿ ಗೂಡು ಕಟ್ಟಿ ನಮ್ಮನ್ನು ಕಚ್ಚುತ್ತಿದ್ದ ಹಳದಿ ಕಣಜವಲ್ಲ. ಇದು ಬರೆದ ವಾಕ್ಯದ ಕೊನೆಗೆ ಇಡುವ ಚುಕ್ಕೆಯಷ್ಟು. ಕಚ್ಚುವುದಿಲ್ಲ, ಕಾಣಿಸುವುದೂ ಕಷ್ಟ. ಪತಂಗದ ತತ್ತಿಯೊಳಗೆ ತನ್ನ ತತ್ತಿ ಇಡುತ್ತದೆ. ಮರಿ ಒಳಗಿನದನ್ನು ತಿಂದು, ಒಳಗೇ ಬೆಳೆದು, ಕೊನೆಗೆ ಒಂದು ದುಂಡನೆಯ ತೂತು ಕೊರೆದು ಹೊರಗೆ ಬರುತ್ತದೆ. ಬರುವ ಮುನ್ನಾದಿನ ಕಾರ್ಡನ್ನು ಕತ್ತರಿಸಿ ರೈತರಿಗೆ ಕೊಟ್ಟರೆ ಅವರು ಎಲೆಗಳ ಕೆಳಗೆ ಕಟ್ಟುತ್ತಾರೆ. ಹೊರಬಂದ ಕಣಜ ಹೊಲದಲ್ಲಿನ ಕೆಟ್ಟ ಹುಳದ ತತ್ತಿ ಹುಡುಕಿಕೊಂಡು ಹಾರುತ್ತದೆ.

ಇದನ್ನೆಲ್ಲ ಮೊದಲ ಸಲ ಕೇಳಿದಾಗ ಅತ್ತೆಯವರು, "ಕೋಗಿಲಿ ಜಾತಿ ಅನ್ನು" ಎಂದಿದ್ದರು. "ಕೋಗಿಲಿ ಹಾಡರ ಹಾಡತೈತಿ."

ಎಲ್ಲವೂ ನಿಂತಿರುವುದು ಉಷ್ಣತೆಯ ಮೇಲೆ. ಇಪ್ಪತ್ತೆಂಟು ಡಿಗ್ರಿ ಇದ್ದರೆ ಎಂಟೊಂಬತ್ತು ದಿನಕ್ಕೆ ಕಣಜ ಹೊರಗೆ. ಇಪ್ಪತ್ತಕ್ಕೆ ಇಳಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ದಿನ. ಮೂವತ್ತಕ್ಕೆ ಏರಿದರೆ ಸ್ವಲ್ಪ ಲಗೂ. ಮೂವತ್ತೈದು ದಾಟಿತೆಂದರೆ ಬಹಳಷ್ಟು ಒಳಗೇ ಸತ್ತುಹೋಗುತ್ತವೆ; ಹೊರಬಂದವಕ್ಕೂ ಆಯುಷ್ಯವಿಲ್ಲ. ಹುಬ್ಬಳ್ಳಿಯ ಮೇ ತಿಂಗಳಲ್ಲಿ ಏಸಿಗೆ ವಿದ್ಯುತ್ ಇಲ್ಲದಾದರೆ ಮೂವತ್ತೈದಕ್ಕೆ ಬಹಳ ಹೊತ್ತು ಬೇಕಿಲ್ಲ. ಯಜಮಾನರು ಕಾರ್ಡು ತೆಗೆದುಕೊಂಡು ಹಳ್ಳಿಹಳ್ಳಿ ತಿರುಗುವವರು. ಅತ್ತೆಯವರಿಗೆ ಥರ್ಮಾಮೀಟರಿನ ಗೆರೆ ಕಾಣುವುದಿಲ್ಲ. ಹೀಗಾಗಿ ಆರು, ಹತ್ತು, ಎರಡು, ಮತ್ತೆ ಆರು, ಮತ್ತೆ ಹತ್ತು, ನಾಲ್ಕು ತಾಸಿಗೊಮ್ಮೆ ನೋಡಿ ಬರೆಯುವವಳು ನಾನು. ಯಾರೂ ನನಗೆ ಹೀಗೆಂದು ಹೇಳಿದ್ದಿಲ್ಲ. ಒಂದು ದಿನ ನೋಡಿದೆ, ಮರುದಿನವೂ ನೋಡಿದೆ, ಮೂರು ವರ್ಷವಾಯಿತು. ಇಲ್ಲೇ ದಾಜಿಬಾನ ಪೇಟೆಗೆ ಹೋಗಿ ರವಿಕೆಯ ಬಟ್ಟೆ ತರಬಹುದು. ಧಾರವಾಡಕ್ಕೆ ಹೋಗಿ ಒಬ್ಬರ ಮನೆಯಲ್ಲಿ ಕುಳಿತು ಊಟ ಮಾಡಿ ಬರಲಾಗುವುದಿಲ್ಲ. ಕರುವಿಗೆ ಹಗ್ಗ ಕಟ್ಟಿದಂತೆ ನನ್ನ ಹಗ್ಗ ನಾಲ್ಕು ತಾಸಿನದು.

ಇದು ದುಃಖವೆಂದು ನಾನು ಆಗ ಅಂದುಕೊಂಡಿರಲಿಲ್ಲ. ಪತಂಗದ ರೆಕ್ಕೆಯ ಪುಡಿ ಎಲ್ಲ ಸೀರೆಗಳ ಮೇಲೂ ಬೂದಿಯಂತೆ ಕೂತಿರುತ್ತಿತ್ತು, ರಾತ್ರಿ ಒಣಕೆಮ್ಮು ಬರುತ್ತಿತ್ತು, ಅಷ್ಟೆ. ಕಾರ್ಡುಗಳ ಹಿಂದೆ ತಾರೀಖು ಬರೆಯುವಾಗ ಕಾನ್ವೆಂಟಿನಲ್ಲಿ ಕಲಿತಂತೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ನಾನು ಬರೆಯುವುದು ಅದೊಂದೇ ಉಳಿದಿತ್ತು.

ಮೇ ತಿಂಗಳ ನಡುವೆ ಧಾರವಾಡದ ಒಂದು ಸಣ್ಣ ಶಾಲೆಯ ಮುಖ್ಯಸ್ಥೆಯಿಂದ ಫೋನು ಬಂತು. ನನ್ನ ಹಳೆಯ ಸಹಪಾಠಿಯೊಬ್ಬಳು ನನ್ನ ಹೆಸರು ಕೊಟ್ಟಿದ್ದಳಂತೆ. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹಾಡು, ಕತೆ ಹೇಳಿಕೊಡಬೇಕು. ಸೋಮವಾರ ಒಂಬತ್ತರಿಂದ ನಾಲ್ಕರವರೆಗೆ ಬಂದು, ಬೇಸಿಗೆ ಶಿಬಿರದ ಮಕ್ಕಳಿಗೆ ಪಾಠ ಮಾಡಿ ತೋರಿಸಿ ಎಂದರು. ನಾನು ಬರುತ್ತೇನೆ ಎಂದೆ. ಎಂದ ಮೇಲೆ ಖೋಲಿಯ ನೋಟುಬುಕ್ಕು ನೋಡಿದೆ. ಆಗಷ್ಟೇ ಹಾಕಿದ ಬ್ಯಾಚಿನ ಕಾರ್ಡುಗಳನ್ನು ಕತ್ತರಿಸಿ ಕೊಡಬೇಕಾದ ದಿನ ಸರಿಯಾಗಿ ಅದೇ ಸೋಮವಾರ.

ಯಜಮಾನರಿಗೆ ಹೇಳಬಹುದಿತ್ತು. ಅವರು ಜೋರು ಮಾಡುವವರಲ್ಲ. ಹೇಳಿದ್ದರೆ ಕಾರ್ಡು ಬಿಟ್ಟು ಅವರು ಮನೆಯಲ್ಲಿ ಕುಳಿತುಬಿಡುತ್ತಿದ್ದರು. ಕುಳಿತು, ಏಸಿಯ ರಿಮೋಟು ಹಿಡಿದು ನನಗೆ ಹತ್ತು ಸಲ ಫೋನು ಮಾಡುತ್ತಿದ್ದರು. ನನಗೆ ಆ ಏಳು ತಾಸು ಪೂರಾ ಬೇಕಾಗಿತ್ತು. ಕೆಲಸ ಸಿಕ್ಕರೆ ಆಮೇಲೆ ಹೇಳೋಣ, ಸಿಗದಿದ್ದರೆ ಹೇಳುವುದೇ ಬೇಡ ಎಂದುಕೊಂಡೆ.

ಆಗ ನನಗೆ ಹೊಳೆದದ್ದು ಅಡುಗೆಮನೆಯ ಬುದ್ಧಿ. ಬೇಸಿಗೆಯಲ್ಲಿ ದೋಸೆಹಿಟ್ಟು ಬೇಗ ಹುಳಿಯಾಗುತ್ತದೆಂದು ಫ್ರಿಜ್ಜಿನಲ್ಲಿಡುತ್ತೇವೆ. ಅದು ಎರಡು ದಿನ ಸುಮ್ಮನೆ ಕಾಯುತ್ತದೆ, ಹೊರಗೆ ತೆಗೆದರೆ ಮತ್ತೆ ಉಬ್ಬುತ್ತದೆ. ಯಜಮಾನರೂ ಮಾಲು ಹೆಚ್ಚಾದಾಗ ಕಾರ್ಡುಗಳನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಬಟ್ಟೆ ಸುತ್ತಿ ಇಡುವುದನ್ನು ನೋಡಿದ್ದೆ. ಒಳಗಿನ ಮರಿ ಬೆಳೆದು ತತ್ತಿ ಕಪ್ಪಾದ ಮೇಲೆ ಮಾತ್ರ ಇಡುತ್ತಾರೆ ಎಂಬುದನ್ನು ನೋಡಿಯೂ ನೋಡಿರಲಿಲ್ಲ. ನನ್ನ ತತ್ತಿಗಳು ಇನ್ನೂ ಬಿಳಿ. ಕೆಳಗೆ ಇಟ್ಟರೆ ಕಣ್ಣಿಗೆ ಬೀಳುತ್ತದೆಂದು ಮೇಲೆ, ಬರ್ಫದ ಪೆಟ್ಟಿಗೆಯ ಕೆಳಗೇ, ಬೆಣ್ಣೆಯ ಡಬ್ಬಿಯ ಹಿಂದೆ ಇಟ್ಟೆ. ಮೂರು ದಿನ. ಆ ಮೂರೂ ದಿನ ಖೋಲಿಯ ನೋಟುಬುಕ್ಕಿನಲ್ಲಿ ಇಪ್ಪತ್ತೆಂಟು ಎಂದೇ ಬರೆದೆ. ಅದು ಸುಳ್ಳಲ್ಲ, ಖೋಲಿಯಲ್ಲಿ ಇಪ್ಪತ್ತೆಂಟೇ ಇತ್ತು. ಹೇಳದೆ ಉಳಿಸಿಕೊಂಡದ್ದೂ ಸುಳ್ಳಿನ ಲೆಕ್ಕಕ್ಕೇ ಸೇರುತ್ತದೆ ಎಂದು ಕಾನ್ವೆಂಟಿನ ನಮ್ಮ ಸಿಸ್ಟರ್ ನೀತಿಪಾಠದ ಕ್ಲಾಸಿನಲ್ಲಿ ಹೇಳುತ್ತಿದ್ದರು. ಆ ಮಾತು ಪ್ರತಿಸಲ ಪೆನ್ನು ಹಿಡಿದಾಗ ನೆನಪಾಗುತ್ತಿತ್ತು. ಆದರೂ ಬರೆದೆ.

"ಈ ಸರತಿ ಯಾಕೋ ತಡಾ ಆಗಾಕತ್ತೈತ್ರಿ" ಎಂದು ಯಜಮಾನರಿಗೆ ಹೇಳಿದೆ.

"ಏಸಿ ಗಾಳಿ ಒಂದ ಕಡಿ ಹೆಚ್ಚು ಬಡೀತಿರಬೇಕು" ಎಂದು ಅವರೇ ನನಗೊಂದು ಕಾರಣ ಕೊಟ್ಟು, ಆ ಬ್ಯಾಚು ಒಯ್ಯಬೇಕಿದ್ದ ಅಮ್ಮಿನಬಾವಿಯ ರೈತರೊಬ್ಬರಿಗೆ ಫೋನು ಮಾಡಿ, ಸೋಮವಾರದ ಬದಲು ಗುರುವಾರ ಬನ್ನಿ ಎಂದರು.

ಸೋಮವಾರ ಗೆಳತಿಯ ಮನೆಗೆ ಎಂದು ಅತ್ತೆಯವರಿಗೆ ಹೇಳಿ, ಲೈಟು ಹೋದರೆ ಫೋನು ಮಾಡಿ ಎಂದು ಕೇಳಿಕೊಂಡು ಧಾರವಾಡದ ಬಸ್ಸು ಹತ್ತಿದೆ. ಶಾಲೆಯ ಆ ಕೋಣೆಗೆ ತಗಡಿನ ಮಾಡು. ಮಕ್ಕಳ ಮೂಗಿನ ಮೇಲೆಲ್ಲ ಬೆವರು. ಒಂದು ಹುಡುಗಿ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹಾಡು ಮುಗಿಯುವ ತನಕ ಬಿಡಲಿಲ್ಲ. ಅಲ್ಲಿ ಎಷ್ಟು ಡಿಗ್ರಿ ಇತ್ತೋ ಗೊತ್ತಿಲ್ಲ. ಯಾರೂ ಅಳೆಯುತ್ತಿರಲಿಲ್ಲ. ಮನೆಗೆ ಬಂದಾಗ ಐದಾಗಿತ್ತು. ಹತ್ತು ಗಂಟೆಯ ಎದುರಿಗೂ ಎರಡು ಗಂಟೆಯ ಎದುರಿಗೂ ಇಪ್ಪತ್ತೆಂಟು ಎಂದು ಆಗ ಬರೆದೆ.

ಬುಧವಾರ ಸಂಜೆ ಮುಖ್ಯಸ್ಥೆಯ ಫೋನು ಬಂತು. ಮಕ್ಕಳು ನಿಮ್ಮನ್ನೇ ಕೇಳುತ್ತಿದ್ದಾರೆ, ಶನಿವಾರ ಒಂಬತ್ತಕ್ಕೆ ಶಿಕ್ಷಕರ ತರಬೇತಿ ಸುರು, ಆಮೇಲೆ ದಿನಾ ನಾಲ್ಕರವರೆಗೆ. ಬರುವುದು ಖರೇ ಆದರೆ ನಾಳೆ ಸಂಜೆ ಆರರೊಳಗೆ ತಿಳಿಸಿ, ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂದರು. ನಾಳೆ ಅಮ್ಮಿನಬಾವಿಯವರು ಕಾರ್ಡು ಒಯ್ಯುತ್ತಾರೆ, ಯಜಮಾನರು ಖುಷಿಯಲ್ಲಿರುತ್ತಾರೆ, ಊಟಕ್ಕೆ ಕುಳಿತಾಗ ಹೇಳುತ್ತೇನೆ ಎಂದು ನಾನು ಲೆಕ್ಕ ಹಾಕಿಕೊಂಡು ಮಲಗಿದೆ.

ಹೀಗೆ ಆ ಗುರುವಾರ ಬೆಳಗಾಗಿತ್ತು. ರೊಟ್ಟಿ ಬಡಿದು ಮುಗಿಸಿ ಹತ್ತು ಗಂಟೆಯ ಉಷ್ಣತೆ ಬರೆಯಲು ಹೋದೆ. ತತ್ತಿ ಕಪ್ಪಾದೊಡನೆ ಪ್ರತಿ ಬ್ಯಾಚಿನಿಂದ ಒಂದು ಬೆರಳಗಲದ ತುಂಡನ್ನು ಗಾಜಿನ ಕೊಳವೆಯಲ್ಲಿ ಹಾಕಿ ಅರಳೆ ತುರುಕಿ ಇಡುತ್ತೇವೆ, ಅದು ನಮ್ಮ ಪರೀಕ್ಷೆ. ಆ ತುಂಡು ಉಳಿದವಕ್ಕಿಂತ ಸ್ವಲ್ಪ ಮೊದಲೇ ಒಡೆಯಲೆಂದು ಅದನ್ನು ರ‍್ಯಾಕಿನ ಮೇಲ್ತುದಿಯಲ್ಲಿ, ಸೆಖೆಯ ಜಾಗದಲ್ಲಿ ಇಟ್ಟಿರುತ್ತೇವೆ. ಕೊಳವೆ ಎತ್ತಿ ಕಿಟಕಿಗೆ ಹಿಡಿದೆ. ಕಣಜಗಳು ಹೊರಬಂದಿದ್ದವು. ಒಳ್ಳೆಯ ಬ್ಯಾಚಾದರೆ ಎಲ್ಲವೂ ಕಿಟಕಿಯ ಕಡೆಯ ತುದಿಗೆ ಧೂಳು ಹಾರಿದಂತೆ ಓಡಿಬಂದು ಸೇರುತ್ತವೆ. ಕೊಳವೆ ತಿರುಗಿಸಿದರೆ ಮತ್ತೆ ಬೆಳಕಿನ ಕಡೆಗೆ. ಇವು ಬರಲಿಲ್ಲ. ನಡುವೆಯೇ ನಡೆದಾಡುತ್ತಿದ್ದವು. ತಿರುಗಿಸಿದೆ. ಇನ್ನೊಮ್ಮೆ ತಿರುಗಿಸಿದೆ. ಭೂತಗನ್ನಡಿ ತಂದು ನೋಡಿದರೆ ರೆಕ್ಕೆಗಳು ಬಿಚ್ಚಿರಲಿಲ್ಲ. ಒದ್ದೆಯಾಗಿ ಮುದುಡಿ ಒಣಗಿದ ಕಾಗದದ ಹಾಗೆ ಬೆನ್ನಿಗೆ ಅಂಟಿಕೊಂಡಿದ್ದವು. ಅರ್ಧಕ್ಕರ್ಧ ತತ್ತಿಗಳಲ್ಲಿ ತೂತೇ ಇರಲಿಲ್ಲ.

ಪಡಸಾಲೆಯಲ್ಲಿ ಆಗಲೇ ಅಮ್ಮಿನಬಾವಿಯ ರೈತರ ದನಿ ಕೇಳಿತು. ಅರವತ್ತು ದಾಟಿದ ಹಿರಿಯರು, ಬೋರಿನ ನೀರಿನಲ್ಲಿ ಬದನೆ ಬೆಳೆಯುವವರು, ಯಜಮಾನರಿಗೆ ಕಾಕಾ.

"ಏನ್ ಸಾಹೇಬ್ರ, ನಿಮ್ಮ ಪಲ್ಟಣ ಎದ್ದೈತೋ ಇನ್ನೂ ಮಲಗೈತೋ? ಮೂರು ದಿನಾ ಸೂಟಿ ತಗೊಂಡಿತ್ತಂತ!"

"ಎದ್ದೈತ್ರಿ ಕಾಕಾರ. ಇವತ್ತ ಕಟ್ಟಿದ್ರ ನಾಳಿ ಮುಂಜಾನಿ ಡ್ಯೂಟಿಗೆ ಹಾಜರ."

ನಾನು ಅವರಿಗೆ ಚಹಾ ಕೊಟ್ಟು ಒಳಗೆ ಬಂದು ನಿಂತೆ. ಸುಮ್ಮನಿರಬಹುದಿತ್ತು. ಕಾರ್ಡು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಕಪ್ಪಗಿದ್ದವು. ಅವರು ಒಯ್ದು ಕಟ್ಟುತ್ತಿದ್ದರು. ಹದಿನೈದು ದಿನದ ಮೇಲೆ ಬದನೆಕಾಯಿ ಹೆಚ್ಚಿದಾಗ ಹುಳ ಕಂಡರೆ ಬಿಸಿಲಿಗೆ, ಗಾಳಿಗೆ, ದೇವರಿಗೆ ಬೈಯುತ್ತಿದ್ದರು. ಅಷ್ಟರಲ್ಲಿ ನಾನು ಶಾಲೆ ಸೇರಿರುತ್ತಿದ್ದೆ. ಇಷ್ಟೆಲ್ಲ ಯೋಚಿಸಿದ್ದೇನೆ, ಯೋಚಿಸಲಿಲ್ಲವೆಂದು ಈಗ ಬರೆಯಲಾರೆ.

"ಏನ್ರಿ, ಒಂದೀಟ ಒಳಗ ಬರ್ರಿ" ಎಂದು ಕರೆದೆ.

"ಕಾರ್ಡು ತಗೊಂಡ ಬಾ, ಕಾಕಾರು ಕಾಯಾಕತ್ತಾರ."

"ಆ ಕಾರ್ಡು ಕೊಡಬ್ಯಾಡ್ರಿ."

ಕೊಳವೆ ಅವರ ಕೈಗಿಟ್ಟೆ. ಅವರು ಕಿಟಕಿಗೆ ಹಿಡಿದು ತಿರುಗಿಸಿದರು, ನಾನು ತಿರುಗಿಸಿದ ಹಾಗೆಯೇ.

"ಇದೇನಿದು? ರೆಕ್ಕಿನ ಬಿಚ್ಚಿಲ್ಲಲ್ಲ. ಏಸಿ ಕೆಟ್ಟಿತ್ತೇನು? ನೀ ಬರದದ್ದು ಎಲ್ಲಾ ಇಪ್ಪತ್ತೆಂಟೈತಿ."

"ಖೋಲ್ಯಾಗ ಇಪ್ಪತ್ತೆಂಟ ಇತ್ರಿ. ಕಾರ್ಡು ಖೋಲ್ಯಾಗ ಇರಲಿಲ್ಲ."

"ಮತ್ತೆಲ್ಲಿದ್ವು?"

"ಫ್ರಿಜ್ಜಿನ್ಯಾಗ. ಬೆಣ್ಣಿ ಡಬ್ಬಿ ಹಿಂದ. ಮೂರು ದಿನ."

"ಕರ್ರಗಾದ ಮ್ಯಾಲ ಇಟ್ಟಿದ್ದೀ?"

"ಇಲ್ರಿ. ಬೆಳ್ಳಗಿದ್ದಾಗ."

ಅವರು ಫ್ರಿಜ್ಜಿನ ಕಡೆಗೆ ನೋಡಿದರು. ಯಾಕೆ ಎಂದು ಕೇಳಿದರು. ಸೋಮವಾರದ ಬಸ್ಸು, ಶಾಲೆ, ಬುಧವಾರದ ಫೋನು, ಇವತ್ತು ಆರು ಗಂಟೆಯ ಗಡುವು, ಎಲ್ಲ ಹೇಳಿದೆ. ನಮ್ಮ ದನಿ ಕೇಳಿ ಬಂದ ಅತ್ತೆಯವರು ಬಾಗಿಲಿಗೆ ಒರಗಿ ಕೇಳಿಸಿಕೊಂಡರು.

"ಅರ್ಧಾ ಹೆಪ್ಪಾದ ಹಾಲು ಎತ್ತಿ ಅಲುಗಿಸಿದ್ರ ಮೊಸರಾಗತೈತೇನವಾ?" ಎಂದರು. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. "ನೀರ ಬಿಡತೈತಿ. ಇಷ್ಟು ವರ್ಷ ಈ ಮನ್ಯಾಗ ಹೆಪ್ಪು ಹಾಕಿದಾಕಿ ನೀ. ಇಷ್ಟ ತಿಳೀಲಿಲ್ಲ?"

ಖರೇ. ಹಾಲಿನ ವಿಷಯದಲ್ಲಾದರೆ ತಿಳಿಯುತ್ತಿತ್ತು.

ಯಜಮಾನರು ಕೊಳವೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?" ಎಂದರು. ಅವರ ದನಿ ಕೇಳಿ ನನಗೆ ಅಳು ಬಂದದ್ದು ಆಗಲೇ. ಬೇಡ ಎನ್ನುತ್ತಿರಲಿಲ್ಲ. ಬೇಡ ಎನ್ನುವವರಾಗಿದ್ದರೆ ಅವರೊಡನೆ ಜಗಳವಾದರೂ ಆಡಬಹುದಿತ್ತು.

ಹೊರಗೆ ಹೋಗಿ ಅವರು, "ಕಾಕಾರ, ಈ ಸರತಿ ಮಾಲು ಛಲೋ ಬಂದಿಲ್ರಿ. ನಮ್ಮ ಕಡಿಂದ ತಪ್ಪಾಗೈತಿ" ಎಂದರು. ನಮ್ಮ ಕಡೆಯಿಂದ ಎಂದರು, ನನ್ನ ಹೆಸರು ತೆಗೆಯಲಿಲ್ಲ.

"ಅಯ್ಯ, ನಿನ್ನಿನ ಹೇಳಬಾರದೇನ್ರಿ? ಬಸ್ಸಿನ ಖರ್ಚರ ಉಳೀತಿತ್ತು. ಮುಂದಿಂದು ಯಾವಾಗ?"

"ಸೋಮವಾರಕ್ಕ ಬರತಾವ್ರಿ."

"ಸೋಮವಾರ ನನಗ ಬ್ಯಾಡ. ಈ ಧಗಿಗೆ ಗಿಡದ ಮ್ಯಾಲಿನ ತತ್ತಿ ಲಗೂನ ಒಡೀತಾವು. ಹುಳ ಕಾಯ್ಯಾಗ ಹೊಕ್ಕ ಮ್ಯಾಲ ನಿಮ್ಮ ಪಲ್ಟಣ ಹೊರಗ ಕುಂತು ಭಜನಿ ಮಾಡತೈತೇನು? ಭಾನುವಾರ ಮುಂಜಾನಿ ಕೊಟ್ರ ಕೊಡ್ರಿ. ಇಲ್ಲಾಂದ್ರ ನಾ ಅಂಗಡಿಗೆ ಹೋಗಿ ಔಷಧ ತಂದು ಹೊಡೀತೇನಿ." ಆಮೇಲೆ ನಾನು ಬಾಗಿಲಲ್ಲಿ ನಿಂತದ್ದು ಕಂಡು, "ಅಕ್ಕಾರ ಚಹಾ ಒಂದ ಟೈಮಿಗೆ ಸರಿ ಬರತೈತಿ ನೋಡ್ರಿ ಈ ಮನ್ಯಾಗ" ಎಂದು ನಕ್ಕರು.

ಔಷಧದ ಮಾತು ಯಜಮಾನರ ಮುಖಕ್ಕೆ ತಾಗಿದ್ದು ನನಗೆ ಕಂಡಿತು. ಮೂರು ವರ್ಷ ಆ ಹೊಲಕ್ಕೆ ವಿಷ ಬೀಳದ ಹಾಗೆ ನೋಡಿಕೊಂಡವರು ಅವರು. "ಭಾನುವಾರ ಕೊಡತೇವ್ರಿ" ಎಂದುಬಿಟ್ಟರು.

ಒಳಗೆ ಬಂದು ರ‍್ಯಾಕಿನ ಎದುರು ನಿಂತು ಬೆರಳು ಮಡಚಿ ಲೆಕ್ಕ ಹಾಕಿದರು. ಮುಂದಿನ ಬ್ಯಾಚು ಹಿಂದಿನ ದಿನವಷ್ಟೇ ಕಪ್ಪಾಗಿತ್ತು. ಖೋಲಿಯನ್ನು ಮೂವತ್ತಕ್ಕೆ ಏರಿಸಿದರೆ ಒಂದು ದಿನ ಮೊದಲು ಬರಬಹುದು.

"ಮೂವತ್ತಕ್ಕ ಇಡು. ಅದಕ್ಕಿಂತ ಮ್ಯಾಲ ಹೋಗಬಾರದು. ಲೈಟ್ ಹೋದ್ರ ಒದ್ದಿ ಚಾದರ ಕಿಟಕಿಗೆ ಕಟ್ಟು. ನಾಲ್ಕು ತಾಸು ಆಗಂಗಿಲ್ಲ ಈಗ, ಎರಡೆರಡು ತಾಸಿಗೊಮ್ಮೆ ನೋಡಬೇಕು. ನಾಳಿ, ಶನಿವಾರ, ಎರಡೂ ದಿನ. ನಾ ಕಾಕಾರ ಜೋಡಿ ಹೋಗಿ ಹೊಲಾ ನೋಡಿ ಬರತೇನಿ. ನಾಳಿಂದ ನವಲಗುಂದ ಕಡೀ ಊರು ಅದಾವು." ಬಾಗಿಲ ತನಕ ಹೋದವರು ತಿರುಗಿ ಬಂದರು. "ಸಾಲೀಗೆ ಹೋಗು. ನಾ ಎಲ್ಲಿ ಬ್ಯಾಡಂದೇನಿ? ಈ ಬ್ಯಾಚೊಂದು ಮುಗೀಲಿ. ನೀ ಇರತೀ ಅಂತನ ನಾ ಅವರಿಗೆ ಮಾತು ಕೊಟ್ಟೇನಿ."

ಈ ಬ್ಯಾಚಿನ ಹಿಂದೆ ಇನ್ನೊಂದು ಬ್ಯಾಚು ಬಿಳಿಯಾಗಿ ಕಾದಿತ್ತು. ಅದರ ಹಿಂದೆ ನುಚ್ಚಿನ ಡಬ್ಬಿಯಲ್ಲಿ ಪತಂಗಗಳಿದ್ದವು. ಅದು ಅವರಿಗೂ ಗೊತ್ತಿತ್ತು.

ಮೂರು ಗಂಟೆಗೆ ಲೈಟು ಹೋಯಿತು. ಚಾದರ ತೋಯಿಸಿ ಕಿಟಕಿಗೆ ಕಟ್ಟಿ, ರ‍್ಯಾಕಿನ ಕೆಳಗೆ ನೀರಿನ ಪರಾತ ಇಟ್ಟು, ಬಾಗಿಲು ಹಾಕಿಕೊಂಡು ಒಳಗೇ ಕುಳಿತೆ. ಬಾಗಿಲು ತೆಗೆದು ಹಾಕಿ ಮಾಡಿದರೆ ಹೊರಗಿನ ಧಗೆ ನುಗ್ಗುತ್ತದೆ. ಚಾದರದ ಕತ್ತಲಿಗೆ ಛತ್ತಿನ ನಕ್ಷತ್ರಗಳು ಮಂದವಾಗಿ ಹಸಿರಾದವು. ಮೂವತ್ತೊಂದು. ಮೂವತ್ತೆರಡು. ಅತ್ತೆಯವರು ಹೊರಗಿನಿಂದ, "ಒಳಗ ಉಸಿರರ ಆಡತೈತೇನವಾ?" ಎಂದು ಕೇಳಿದರು. "ಆಡತೈತ್ರಿ ಅತ್ತಿ" ಎಂದೆ. ಮೂವತ್ತೆರಡೂವರೆಗೆ ಏಸಿ ಗುಯ್ಯೆಂದು ಎದ್ದಿತು. ನಾಲ್ಕಕ್ಕೆ ಬರೆದೆ, ಹೊರಗೆ ಬಂದೆ. ಸೀರೆ ಬೆನ್ನಿಗೆ ಅಂಟಿತ್ತು.

ಐದರಿಂದ ಫೋನು ಕೈಯಲ್ಲಿತ್ತು. ಶನಿವಾರ ಒಂದು ದಿನ ರಜೆ ಕೊಡಿ, ಭಾನುವಾರದ ಮೇಲೆ ಬರುತ್ತೇನೆ ಎಂದು ಬರೆದೆ. ಭಾನುವಾರದ ಮೇಲೆ ಯಾರು ನೋಡುತ್ತಾರೆ ಎಂದು ಯೋಚಿಸಿ ಅಳಿಸಿದೆ. ಬರುತ್ತೇನೆ ಎಂದಷ್ಟೇ ಬರೆದೆ, ಅದನ್ನೂ ಅಳಿಸಿದೆ. ಕಟ್ಟೆಯ ಮೇಲೆ ಬೆಳಗಿನ ಕೊಳವೆ ಇನ್ನೂ ಇತ್ತು. ಕೆಲವು ಕಣಜ ಇನ್ನೂ ನಡೆಯುತ್ತಿದ್ದವು. ಆರಕ್ಕೆ ಐದು ನಿಮಿಷವಿರುವಾಗ ಖೋಲಿಗೆ ಹೋಗಿ ಥರ್ಮಾಮೀಟರ್ ನೋಡಿದೆ. ಮೂವತ್ತು. ಬರೆದೆ. ಅಲ್ಲಿಯೇ ನಿಂತು, ನನಗೆ ಬರಲಾಗುವುದಿಲ್ಲ, ದಯವಿಟ್ಟು ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದೂ ತಪ್ಪಿಲ್ಲದ ಹಾಗೆ ಎರಡು ಸಲ ಓದಿ, ಕಳಿಸಿದೆ. ಒಂದು ನಿಮಿಷದಲ್ಲಿ ಅವರಿಂದ ಕೈಮುಗಿದ ಚಿತ್ರವೊಂದು ಬಂತು.

ಅಷ್ಟರಲ್ಲಿ ಬಾಜೂಮನೆಯವರು ಸ್ಟೀಲಿನ ವಾಟಗಾ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಹೆಪ್ಪು ಬೇಕಾಗಿತ್ತು.

"ಈ ಧಗಿಗೆ ನಮ್ಮ ಮೊಸರು ಸಂಜೀ ಮಟಾ ಹುಳೀ ಖಟ್ಟ ಆಗೇತ್ರಿ ಅಕ್ಕಾರ. ನಿಮ್ಮದೊಂದೀಟ ಕೊಡ್ರಿ."

ಫ್ರಿಜ್ಜು ತೆರೆದು, ಬೆಣ್ಣೆಯ ಡಬ್ಬಿ ಸರಿಸಿ, ಮೊಸರಿನ ಪಾತ್ರೆ ತೆಗೆದು ಒಂದು ಚಮಚ ಹಾಕಿದೆ. ಅವರು ವಾಟಗಾದ ಮೇಲೆ ಸೆರಗು ಮುಚ್ಚಿಕೊಂಡು ಎರಡು ಮೆಟ್ಟಿಲು ಇಳಿದು, ತಿರುಗಿ ನೋಡದೆಯೇ ಹೇಳಿದರು:

"ಮೊದಲ ಆ ಮೂಲಿಮನಿಗೆ ಹೋಗಿದ್ನಿರಿ, ಬರೇ ಕೀಲಿ. ನೀವು ನೋಡ್ರಿ, ಯಾವಾಗ ಬಂದ್ರೂ ಮನ್ಯಾಗ ಸಿಗತೀರಿ. ಅದೊಂದು ಭಾಳ ಛಲೋ."